ಗಡಸು ನೀರು

ಹಲ್ಲು ಕೀಳಿಸಾಕ ಬಂದವರು ಅಂಜಬಾರದಂತ
ಬಸ್ತಿ ಡಾಕ್ಟರರು ದವಾಖಾನಿ ಪಡಸಾಲ್ಯಾಗ
ಒಂದು ಗಾಜಿನ ಪೆಟಿಗಿ ಇಟ್ಟರು.
ಒಳಗ ಹುಬ್ಬಳ್ಳಿಯಿಂದ ತಂದ ಒಂದ ಮೀನು,
ತಾಟಿನಂಗ ಚಪ್ಪಟ, ಮೈತುಂಬ ನೀಲಿ ಗೀರು.
ಡಿಸ್ಕಸ್ ಅಂತ ಹೆಸರು.
ರೇಟು ಕೇಳಿ ನನಗ ನನ್ನ ಪಗಾರ ನೆನಪಾತು.

ನೀರು ಹಾಕೂದು ನನ್ನ ಕೆಲಸ.
ನಮ್ಮ ಗದುಗಿನ ಬೋರಿನ ನೀರು,
ಕೊಡದ ತಳಕ್ಕ ಸುಣ್ಣ ಬಳಿಯೂ ನೀರು,
ಬ್ಯಾಳಿ ಬೇಯಗೊಡೂದಿಲ್ಲ,
ಸಾಬೂನಿಗೆ ಬುರುಗು ಬಿಡಗೊಡೂದಿಲ್ಲ.
ಕೊಡ ತಿಕ್ಕತಾ ಅವ್ವ ಅಂತಿದ್ದಳು,
"ಇದು ಯಾರ ಮಾತೂ ಕೇಳೂ ನೀರಲ್ಲ ದಾವಲ."

ಮೊದಲ ವಾರ ಮೀನು ಹಾಕಿದ್ದು ತಿಂತು.
ಆಮ್ಯಾಲ ಮೂಲಿ ಹಿಡೀತು.
ಮೈ ಕಪ್ಪಿಟ್ಟು, ರೆಕ್ಕಿ ಮುದುಡಿ,
ಬಾಯಿ ತೆಗೆಯೂದು ಮುಚ್ಚೂದು, ತೆಗೆಯೂದು ಮುಚ್ಚೂದು,
ಎಲ್ಲಿ ನೋಯತೈತಿ ಅಂತ ಹೇಳಾಕ ಬರದವರಂಗ.

ಔಷಧದ ಹನಿ ಹಾಕಿದೆ, ಹೀಟರ್ ಹಚ್ಚಿದೆ,
ಅಂಗಡಿಯಿಂದ ಶುದ್ಧ ನೀರಿನ ಕ್ಯಾನು ಹೊತ್ತೆ.
ತಿಂಗಳ ಕಡೀಕ ಕ್ಯಾನಿನ ಲೆಕ್ಕ ನೋಡಿ
ಡಾಕ್ಟರರು ಕೈಗವಸು ಕಳೀತಾ ಅಂದರು,
"ಇದನ್ನ ಎಲ್ಲ್ಯರ ಛಲೋ ಕಡೆ ಮುಟ್ಟಿಸಿ ಬಾ."
ಮೀನಿನ ಕಡೆ ನೋಡಲಿಲ್ಲ.

ಅವತ್ತು ಬಾಕಿನ ಮ್ಯಾಲ ಕಸ್ತೂರಿ ಕುಂತಿತ್ತು,
ಮುಂಡರಗಿ ಆಚೆ ಕಡೆಯ ಹುಡುಗಿ, ಒಂಬತ್ತು ವರ್ಷ.
ಹಲ್ಲಿಗೆ ಚಹಾ ಚೆಲ್ಲಿದಂಥ ಗೆರಿ.
ನಗೂ ಮೊದಲು ಅಂಗೈ ಬಾಯಿಗೆ ಬರತಿತ್ತು.
"ಎಲ್ಲಿಗೆ ಒಯ್ಯತೀರಿ ಇದನ್ನ?"
ಧಾರವಾಡಕ್ಕ.
"ಯಾಕ?"
ಇಲ್ಲಿ ನೀರು ಒಗ್ಗವಲ್ದು ಇದಕ್ಕ.
ಆಕಿ ಗಾಜಿಗೆ ಮೂಗು ಹಚ್ಚಿ ನೋಡಿದಳು.
"ಇದೊಂದನ್ನ ಒಯ್ಯತೀರೇನು?"

ಚೀಲದಾಗ ನೀರು, ನೀರಾಗ ಮೀನು,
ಚೀಲ ಸ್ಟೀಲ್ ಡಬ್ಬ್ಯಾಗ, ಡಬ್ಬಿ ತೊಡಿ ಮ್ಯಾಲ.
ಪ್ಯಾಸೆಂಜರ್ ಗಾಡಿ ಹುಲಕೋಟಿ ಬಿಟ್ಟಾಗ
ಎದುರಿನ ಮುದುಕ ಕೇಳಿದ, "ಮೊಸರೇನು?"
ಅಣ್ಣಿಗೇರಿಯಾಗ ಹತ್ತಿದಾಕಿ ಬಗ್ಗಿ ನೋಡಿ,
"ಒಂದಕ್ಕ ಸಾರು ಆಕ್ಕೈತೇನ್ರಿ?"
ಡಬ್ಬಿ ನಕ್ಕಿತು, ನಕ್ಕಂಗ ಅಲುಗಾಡಿತು.
ಹೆಬಸೂರು ದಾಟೂ ಹೊತ್ತಿಗೆ ಅಲುಗಾಟ ನಿಂತು
ನಾನು ಮೂರು ಸಲ ಮುಚ್ಚಳ ತೆಗೆದೆ.

ಮಾಳಮಡ್ಡಿಯ ಇಂದುಮತಿ ಬಾಯಿ,
ಕಾಲೇಜಿನ ಪ್ರಯೋಗಶಾಲೆಯಾಗ ಮೂವತ್ತು ವರ್ಷ
ಬಾಟಲಿ ತೊಳೆದು ನಿವೃತ್ತಿ ಆದಾಕಿ.
ಮಾಳಿಗಿ ಮ್ಯಾಲಿನ ಮಳಿನೀರು ಹಿಡಿದು
ಅದಕ್ಕ ಒಣಗಿದ ಕಾಡುಬಾದಾಮಿ ಎಲಿ ಹಾಕಿಟ್ಟಾರ;
ಹಾಲು ಹಾಕದ ಚಹಾದ ಬಣ್ಣ.
ನನ್ನ ಚೀಲದಾಗ ಒಂದು ಕಾಗದದ ಚೂರು ಅದ್ದಿ
ಕಿಟಕಿ ಬೆಳಕಿಗೆ ಹಿಡಿದರು.
"ಅಯ್ಯ, ಇಂಥಾದ್ರಾಗ ಹ್ಯಾಂಗ ಬದುಕಿತ್ತು ಇದು?"
ನಾನು ತುಟಿ ಬಿಚ್ಚದ ನಕ್ಕೆ.
ನಲವತ್ತಾರು ವರ್ಷ.

ಹತ್ತು ನಿಮಿಷಕ್ಕೊಂದು ಬಟ್ಟಲ,
ಅವರ ನೀರು ನಮ್ಮ ನೀರಿನೊಳಗ.
ಅವಸರ ಮಾಡಿದ್ರ ಸಾಯ್ತದ ಅಂದರು.
ಒಂದೂವರಿ ತಾಸು ಮಾತಿಲ್ಲದ ಕುಂತಿವಿ.
ಆಮ್ಯಾಲ ಬಲಿಯಿಂದ ಮೀನನ್ನಷ್ಟ ಎತ್ತಿಕೊಂಡು
ಚೀಲದ ನೀರು ಕರಿಬೇವಿನ ಬುಡಕ್ಕ ಸುರುವಿದರು.
"ನಿಮ್ಮೂರ ನೀರು ಒಳಗ ಬ್ಯಾಡ. ತಪ್ಪು ತಿಳೀಬ್ಯಾಡ್ರಿ."
ತಪ್ಪೇನು ತಿಳಿಯೂದು.
ಮೀನು ಕಟ್ಟಿಗಿ ತುಂಡಿನ ಹಿಂದ ಹೋತು.
ತಿರುಗಿ ನೋಡೂ ಜಾತಿ ಅಲ್ಲ ಅದು.

ಹೊರಡುವಾಗ ಒಂದು ಲೋಟಾ ಕುಡಿಯಾಕ ಕೊಟ್ಟರು.
ಸಪ್ಪಗಿತ್ತು. ನಾಲಿಗಿಗೆ ಏನೂ ತಾಗದ
ಗಂಟಲದಾಗ ಇಳಿದು ಹೋತು.
ಇನ್ನೊಂದು ಲೋಟಾ ಕೇಳಿದೆ,
ನೀರಡಿಕಿ ಆರಲಿಲ್ಲ.

ತಿಂಗಳಾದ ಮ್ಯಾಲ ಫೋನಿಗೆ ಫೋಟೋ ಬಂತು.
ಸೋಮವಾರ ಕಸ್ತೂರಿಗೆ ತೋರಿಸಿದೆ.
ಎರಡು ಬೆರಳಿಲೆ ಹಿಗ್ಗಿಸಿ ಹಿಗ್ಗಿಸಿ,
ಮೀನು ಹೋಗಿ ಬರೇ ನೀಲಿ ಉಳಿಯೂ ತನಕ ನೋಡಿದಳು.
ನಮ್ಮ ಪೆಟಿಗ್ಯಾಗ ಈಗ ನಾಕು ಕರಿ ಮೊಲಿ,
ಸುಣ್ಣದ ನೀರಾಗ ಮರಿ ಹಾಕ್ಯಾವ.
ಅವನ್ನ ನೋಡಲಿಲ್ಲ ಆಕಿ.

"ಬಾ, ಬಾಯಿ ತಗಿ," ಒಳಗಿಂದ ಡಾಕ್ಟರರು.
ಕುರ್ಚಿ ಪಕ್ಕ ನಾನು ಲೋಟಾ ತುಂಬಿಟ್ಟೆ,
ಮುಕ್ಕಳಿಸಿ ಉಗುಳಾಕ.
ಅದ ನಳ. ಅದ ನೀರು.